ಕಾಫಿಗೆ ಎದ್ದು ಹೋದ ಹೊತ್ತು

ನಿನ್ನೆ ಗೆಳೆಯರೊಬ್ಬರ ಜೊತೆ ಸಣ್ಣ ಜಗಳವಾಯಿತು. "ಲಂಚಕೋರ ಸರ್ಕಾರಕ್ಕೆ ಅನುದಾನ ನಿಲ್ಲಿಸಿಬಿಡಬೇಕು, ತಾನಾಗೇ ದಾರಿಗೆ ಬರುತ್ತೆ. ಯುರೋಪ್ ನೋಡಿ" ಅಂದರು.

ನೋಡಿದ್ದೇನೆ ಸ್ವಾಮಿ, ಚೆನ್ನಾಗೇ ನೋಡಿದ್ದೇನೆ. ಆಡಿಟ್ ಫೈಲುಗಳಲ್ಲೇ ಕೂದಲು ಹಣ್ಣಾದವಳಿಗೆ ಇಂಥದ್ದು ಕಣ್ಣು ತಪ್ಪಲ್ಲ.

ಐರೋಪ್ಯ ಒಕ್ಕೂಟದಲ್ಲಿ 2021ರಿಂದ ಆ ನಿಯಮ ಇದೆ. ಕಾನೂನಿನ ಆಡಳಿತ ಹದಗೆಟ್ಟು ಒಕ್ಕೂಟದ ದುಡ್ಡಿಗೆ ಕುತ್ತು ಬಂದರೆ ಅನುದಾನ ತಡೆಯಬಹುದು. ಹಂಗೇರಿ, ಪೋಲೆಂಡ್ ಕೋರ್ಟಿಗೆ ಹೋಗಿ ಸೋತವು. 2022ರ ಡಿಸೆಂಬರಿನಲ್ಲಿ ಹಂಗೇರಿಯ ಸುಮಾರು 630 ಕೋಟಿ ಯೂರೋ ತಡೆದೂ ಬಿಟ್ಟರು. ಟೆಂಡರ್ ಗೋಲ್ಮಾಲು, ಇನ್ನೇನು! ನಾನಂತೂ ಕುಣಿದಾಡಿದ್ದೆ.

ಮುಂದಿನ ವರ್ಷ ಡಿಸೆಂಬರ್ 13. ಬೇರೆ ಷರತ್ತಿನಡಿ ನಿಲ್ಲಿಸಿದ್ದ ಹಂಗೇರಿಯ ಸುಮಾರು 1,020 ಕೋಟಿ ಯೂರೋಗೆ ಐರೋಪ್ಯ ಆಯೋಗ, ಅಂದರೆ ಒಕ್ಕೂಟದ ಕಾರ್ಯಾಂಗ, ಬೀಗ ತೆಗೆಯಿತು. ನ್ಯಾಯಾಂಗ ಸುಧಾರಿಸಿದೆಯಂತೆ. ಮಾರನೇ ದಿನವೇ ಒಕ್ಕೂಟದ ನಾಯಕರ ಶೃಂಗಸಭೆ. ಉಕ್ರೇನ್ ಸೇರ್ಪಡೆಯ ಮಾತುಕತೆ ಶುರುವಾಗಲು ಎಲ್ಲರ ಒಪ್ಪಿಗೆ ಬೇಕು. ಬೇಡವೇ ಬೇಡ ಅನ್ನುತ್ತಿದ್ದ ಹಂಗೇರಿಯ ಅಂದಿನ ಪ್ರಧಾನಿ ಓರ್ಬಾನ್ ಸರಿಯಾಗಿ ಆ ಹೊತ್ತಿಗೆ ಎದ್ದು ಆಚೆ ಹೋದರು. ಕಾಫಿಗಂತೆ! ಉಳಿದ 26 ಮಂದಿ ತೀರ್ಮಾನ ಮಾಡಿ ಮುಗಿಸಿದರು. ಕಾನೂನಿನ ಪ್ರಕಾರವೇ ದುಡ್ಡು ಬಿಟ್ಟಿದ್ದು ಅಂತ ಆಯೋಗ ಹೇಳಿತು. ನಂಬೋಣ ಬಿಡಿ. ಐರೋಪ್ಯ ಸಂಸತ್ತು ಮಾತ್ರ ನಂಬದೆ 2024ರಲ್ಲಿ ಆಯೋಗದ ಮೇಲೇ ಕೇಸು ಹಾಕಿತು.

ನನ್ನ ಸಿಟ್ಟು ಷರತ್ತಿನ ಮೇಲಲ್ಲ. ವೋಟು ಬೇಕಾದಾಗ ಸಡಿಲವಾಗುವ ಷರತ್ತಿನ ಮೇಲೆ. ಹೀಗಾದರೆ ಅದು ಚೌಕಾಸಿ ಅಲ್ವಾ?

"ದುಡ್ಡು ನಿಲ್ಲಿಸಿದರೆ ಜನರ ಹೊಟ್ಟೆ ಮೇಲೆ ಹೊಡೆದ ಹಾಗೆ" ಅಂತಾರೆ. ಸುಮ್ನೆ ಹೇಳೋದು. ಫಲಾನುಭವಿಗಳಿಗೆ ಕೊಡಬೇಕಾದ್ದನ್ನು ಆ ದೇಶದ ಸರ್ಕಾರವೇ ಕೊಡಬೇಕು ಅಂತ ಅದೇ ನಿಯಮದಲ್ಲಿದೆ. ಆದರೆ ಟ್ರಸ್ಟುಗಳ ಕೈಗೆ ಹೋದ ಹಂಗೇರಿಯ ವಿಶ್ವವಿದ್ಯಾಲಯಗಳಿಗೆ ಎರಾಸ್ಮಸ್‌ನ (ವಿದ್ಯಾರ್ಥಿಗಳನ್ನು ಬೇರೆ ದೇಶಕ್ಕೆ ಓದಲು ಕಳಿಸುವ ಒಕ್ಕೂಟದ ಯೋಜನೆ) ಹೊಸ ಒಪ್ಪಂದ ನಿಂತಿತು. ಟ್ರಸ್ಟಿನಲ್ಲಿ ಕೂತವರು ಮಂತ್ರಿಗಳು, ಅವರ ಕಡೆಯವರು. ಪೆಟ್ಟು ಬಿದ್ದದ್ದು ಹುಡುಗರಿಗೆ. ಇಲ್ಲಿ ನನ್ನ ಬಾಯಿ ಸ್ವಲ್ಪ ಕಟ್ಟುತ್ತೆ, ಒಪ್ಪುತ್ತೇನೆ.

ಇನ್ನೊಂದನ್ನೂ ಒಪ್ಪಿಬಿಡುತ್ತೇನೆ. ಒಂದು ಸಂಸ್ಥೆಯ ಲೆಕ್ಕದಲ್ಲಿ ಬಿಲ್ಲೇ ಇಲ್ಲದ ಖರ್ಚಿಗೆ ಆಕ್ಷೇಪಣೆ ಬರೆದಿದ್ದೆ. ವರ್ಷದ ಕೊನೆ. "ಮೇಡಂ, ನೀವು ಸಹಿ ಹಾಕದಿದ್ದರೆ ಮುಂದಿನ ಕಂತು ಬರಲ್ಲ, ಸಂಬಳ ನಿಲ್ಲುತ್ತೆ" ಅಂದರು. ಪಕ್ಕದಲ್ಲಿ 'ಸರಿಪಡಿಸಲಾಗಿದೆ' ಅಂತ ಬರೆದು ಸಹಿ ಹಾಕಿದೆ. ಏನೂ ಸರಿಯಾಗಿರಲಿಲ್ಲ.

ಆವತ್ತು ನನಗೂ ಕಾಫಿ ತರಿಸಿದ್ದರು.