ಕಟ್ಟಿದ ತೆರಿಗೆಗೊಂದು ಲೆಕ್ಕದ ಚೀಟಿ

ಇಂಗ್ಲೆಂಡಿಗೆ ಬಂದು ಆರು ವರ್ಷವಾಯ್ತು. ಇಲ್ಲಿನ ತೆರಿಗೆ ಖಾತೆಯಲ್ಲಿ ಹೀಗೊಂದು ಪುಟ ಇದೆ ಅಂತ ಗೊತ್ತಾಗಿದ್ದು ಕಳೆದ ವಾರ. ವರ್ಷವಿಡೀ ನನ್ನ ಸಂಬಳದಿಂದ ಹಿಡಿದ ತೆರಿಗೆ ಎಲ್ಲೆಲ್ಲಿ ಹೋಯ್ತು ಅಂತ ಪೌಂಡ್ ಲೆಕ್ಕದಲ್ಲಿ ಬರೆದಿದ್ದಾರೆ. ಆಸ್ಪತ್ರೆಗಳಿಗೆ ಇಷ್ಟು, ವಯಸ್ಸಾದವರ ಪಿಂಚಣಿಗೆ ಇಷ್ಟು, ಶಾಲೆಗೆ, ಸೈನ್ಯಕ್ಕೆ, ಸಾಲದ ಬಡ್ಡಿಗೆ ಇಷ್ಟಿಷ್ಟು. ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಆರೋಗ್ಯಕ್ಕೇ ಹೋಗಿದೆ. 2014ರಿಂದ ಹೀಗೆ ಲೆಕ್ಕ ಕೊಡುತ್ತಿದ್ದಾರೆ. ಆ ಪುಟವನ್ನು ಎರಡು ಸಲ ಓದಿದೆ.

ಅದೇ ಸಂಜೆ ಊರಿನಿಂದ ಅಪ್ಪನ ಫೋನ್. ಮನೆ ಮುಂದಿನ ರಸ್ತೆಯನ್ನು ಮತ್ತೆ ಅಗೆದಿದ್ದಾರೆ. ಡಾಂಬರು ಹಾಕಿ ಇನ್ನೂ ಮೂರು ತಿಂಗಳಾಗಿಲ್ಲ. "ಇದಕ್ಕೇನಾ ಇಷ್ಟು ವರ್ಷ ಟ್ಯಾಕ್ಸ್ ಕಟ್ಟಿದ್ದು?" ಅಂದರು. ಅವರು ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಒಂದೇ ಒಂದು ವರ್ಷವೂ ತೆರಿಗೆ ತಪ್ಪಿಸಿಲ್ಲ. ಫಾರ್ಮ್ ಹದಿನಾರರ ಹಳೇ ಕಾಗದಗಳು ಈಗಲೂ ಬೀರುವಿನ ಮೇಲಿನ ಟ್ರಂಕಿನಲ್ಲಿವೆ. ಎಷ್ಟು ಕಟ್ಟಿದರು ಅಂತ ಅದರಲ್ಲಿದೆ. ಏನಾಯ್ತು ಅಂತ ಎಲ್ಲೂ ಇಲ್ಲ.

ರಸ್ತೆ ಮಾಡಿಸೋದು ನಗರಸಭೆ, ಆದಾಯ ತೆರಿಗೆ ಹೋಗೋದು ದೆಹಲಿಗೆ. ನನಗೆ ಗೊತ್ತು. ಆದರೆ ಅಪ್ಪನಿಗೆ ಅದನ್ನು ಯಾರು ಹೇಳಿದ್ದಾರೆ? ಹೇಳದೇ ಇದ್ದಾಗ ಮನುಷ್ಯ ಕಣ್ಣೆದುರಿನ ಗುಂಡಿಯನ್ನೇ ನೋಡಿ ಲೆಕ್ಕ ಹಾಕುತ್ತಾನೆ.

ಬಜೆಟ್ ದಿನ ಪೇಪರಿನಲ್ಲಿ ಒಂದು ರೂಪಾಯಿ ಚಿತ್ರ ಬರುತ್ತಲ್ಲ, ಅದು ನಿಜ. 2025-26ರ ಚಿತ್ರದಲ್ಲಿ ರೂಪಾಯಿಗೆ 22 ಪೈಸೆ ಆದಾಯ ತೆರಿಗೆಯಿಂದ ಬರುತ್ತದೆ, 20 ಪೈಸೆ ಬಡ್ಡಿಗೇ ಹೋಗುತ್ತದೆ. ಆದರೆ ಅದು ದೇಶದ ರೂಪಾಯಿ. ಅಪ್ಪನ ರೂಪಾಯಿ ಅಲ್ಲ. ಸೆಸ್, ಅಂದರೆ ಒಂದು ಉದ್ದೇಶ ಹೇಳಿ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ, ಅದರ ಕಥೆಯಂತೂ ಇನ್ನೂ ಬೇಸರ ತರಿಸುತ್ತದೆ. ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ 2007ರಿಂದ ಸೆಸ್ ಹಿಡಿದರು. ಆ ಹಣ ಇಡೋಕೆ ಅಂತಲೇ ಒಂದು ನಿಧಿ ಮಾಡೋಕೆ ಸಂಪುಟ ಒಪ್ಪಿದ್ದು 2017ರಲ್ಲಿ. ಈ ವಿಷಯವನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯೇ ಎತ್ತಿ ತೋರಿಸಿತ್ತು. ಹೀಗಾದ ಮೇಲೆ ಅನುಮಾನ ಬರದೇ ಇರುತ್ತಾ?

ನಮಗೆ ಲೆಕ್ಕ ಕೊಡೋದು ಬರಲ್ಲ ಅಂತೇನಿಲ್ಲ. ನಮ್ಮ ಬೀದಿಯ ಗಣಪತಿ ಬಿಟ್ಟ ಮರುದಿನ ಅರಳಿಕಟ್ಟೆ ಹತ್ತಿರದ ಗೋಡೆಗೆ ಒಂದು ಹಾಳೆ ಅಂಟಿಸುತ್ತಿದ್ದರು. ಐವತ್ತೊಂದು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿರುತ್ತಿತ್ತು. ಕೆಳಗೆ ಶಾಮಿಯಾನ, ಮೈಕ್ ಸೆಟ್, ಕಡಲೆ ಉಸಲಿ, ಡೊಳ್ಳಿನವರಿಗೆ ಕೊಟ್ಟದ್ದು, ಉಳಿಕೆ ನೂರಾ ಎಂಟು. ಅಮ್ಮ ಹಾಲು ತರೋಕೆ ಹೋದಾಗ ನಿಂತು ಪೂರ್ತಿ ಓದಿ ಬರುತ್ತಿದ್ದರು. ಮುಂದಿನ ವರ್ಷ ಹುಡುಗರು ಬಂದರೆ ಕೇಳದೆ ನೂರು ಕೊಡುತ್ತಿದ್ದರು.

ಇಲ್ಲಿ ಎಲ್ಲ ಸರಿ ಇದೆ ಅಂತಲೂ ಅಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಮಂಡಿ ಆಪರೇಷನ್‌ಗೆ ಒಂದು ವರ್ಷದಿಂದ ಕಾಯುತ್ತಿದ್ದಾರೆ. ಕೋಟಿಗಟ್ಟಲೆ ಪೌಂಡ್ ಸುರಿದ ಹೈಸ್ಪೀಡ್ ರೈಲಿನ ಉತ್ತರದ ಭಾಗವನ್ನು 2023ರಲ್ಲಿ ಕೈಬಿಟ್ಟರು. ಚೀಟಿ ಕೊಟ್ಟ ಮಾತ್ರಕ್ಕೆ ಖರ್ಚು ಸರಿಯಾಗಿದೆ ಅಂತಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾನು ಇಂಜಿನಿಯರಿಂಗ್ ಓದಿದ್ದು ಸರ್ಕಾರಿ ಕಾಲೇಜಿನಲ್ಲಿ. ವರ್ಷದ ಫೀಸು ಅಪ್ಪನ ಒಂದು ತಿಂಗಳ ಸಂಬಳದಷ್ಟೂ ಇರಲಿಲ್ಲ. ಮಿಕ್ಕಿದ್ದನ್ನು ತುಂಬಿದ್ದು ಯಾರ್ಯಾರೋ ಕಟ್ಟಿದ ತೆರಿಗೆ. ಅವರಲ್ಲಿ ಒಬ್ಬರಿಗೂ ಅದು ಗೊತ್ತಾಗಲೇ ಇಲ್ಲ.