ಬೋಲ್ಡ್ ಆಲೂಗಡ್ಡೆ, ಗಾಜಿ ಊರು

ಚಿಪ್ಸ್ ಪೊಟ್ಟಣದ ಮೇಲೆ ‘ಬೋಲ್ಡ್ ಫ್ಲೇವರ್’ ಅಂತ ಅಚ್ಚು ಹಾಕಿದ್ದರು. ಆಲೂಗಡ್ಡೆಗೆ ಎಂಥ ಧೈರ್ಯ ಮಾರಾಯ್ರೇ? ಹೆಚ್ಚಿದರೂ ಸುಮ್ಮನಿತ್ತು, ಕರಿದರೂ ಸುಮ್ಮನಿತ್ತು, ಅದಕ್ಕಿರಬೇಕು. ಲಿಪ್‌ಸ್ಟಿಕ್ಕೂ ಬೋಲ್ಡ್, ಸೋಫಾದ ಬಣ್ಣವೂ ಬೋಲ್ಡ್. ಪರಿಚಯದವರೊಬ್ಬರು ಮೀಸೆ ಬೋಳಿಸಿದ್ದಕ್ಕೆ ಆಫೀಸಿನಲ್ಲಿ ‘ಸೋ ಬ್ರೇವ್’ ಎಂದರಂತೆ. ಇದೇ ಇಂಗ್ಲಿಷು ಒಂದು ಕಾಲಕ್ಕೆ ಧೈರ್ಯವನ್ನು ಕಸಾಯಿ ಅಂಗಡಿಯಿಂದ ತರುತ್ತಿತ್ತು. ಗಟ್ಸ್ ಅಂದರೆ ಕರುಳು. ಧೈರ್ಯಕ್ಕಿದ್ದ ಇನ್ನೊಂದು ಪದ ಪ್ಲಕ್, ಅಂದರೆ ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶ, ಎಲ್ಲ ಸೇರಿ ಒಂದು ಗೊಂಚಲು.

ಟರ್ಕಿಯವರು ಇನ್ನೂ ಆ ಅಂಗಡಿ ಬಿಟ್ಟಿಲ್ಲ. ಅವರ ಸೀರಿಯಲ್ಲು ನೋಡುವ ಚಟ ನನಗುಂಟು. ಯಾರಾದರೂ ಯಜಮಾನನಿಗೆ ಎದುರಾಡಿದರೆ ‘ಯುರೆಕ್ ಮಿ ಯೆದಿನ್?’ ಅಂತ ಕೇಳುತ್ತಾರೆ. ಗುಂಡಿಗೆ ತಿಂದುಬಂದಿದ್ದೀಯೇನೋ ಅಂತ. ಹಿಂದೆಮುಂದೆ ನೋಡದೆ ನುಗ್ಗುವವನ ಕಣ್ಣು ಕಪ್ಪು, ‘ಗೋಝು ಕಾರಾ’. ಹೆದರಿದವನ ಪಿತ್ತಕೋಶವೇ ಒಡೆದುಹೋಗುತ್ತದೆ.

ಅಲ್ಲಿ ಊರುಗಳಿಗೂ ಶೌರ್ಯದ ಬಿರುದು ಕೊಟ್ಟಿದ್ದಾರೆ. ನನ್ನ ತಕರಾರು ಇರುವುದು ಇದರಲ್ಲೇ. ಮೊದಲ ಮಹಾಯುದ್ಧ ಮುಗಿದ ಮೇಲೆ ದಕ್ಷಿಣದ ಅಂತೆಪ್, ಮರಾಶ್, ಉರ್ಫಾ ಊರುಗಳಲ್ಲಿ ಫ್ರೆಂಚ್ ಸೈನ್ಯ ಬಂದು ಕೂತಿತು. ಮರಾಶಿನವರು 1920ರ ಫೆಬ್ರವರಿಯಲ್ಲೇ ಅದನ್ನು ಓಡಿಸಿದರು. ಏಪ್ರಿಲ್‌ನಲ್ಲಿ ಉರ್ಫಾದವರೂ ಓಡಿಸಿದರು. ಅಂತೆಪ್ ಮಾತ್ರ ಮುತ್ತಿಗೆಯಲ್ಲಿ ತಿಂಗಳುಗಟ್ಟಲೆ ಹಸಿದು ಕಾದಾಡಿ, 1921ರ ಫೆಬ್ರವರಿಯಲ್ಲಿ ಶರಣಾಯಿತು. ಅದೇ ತಿಂಗಳು ಅಂಕಾರದ ರಾಷ್ಟ್ರೀಯ ಸಭೆ ಅದಕ್ಕೆ ‘ಗಾಜಿ’, ಅಂದರೆ ಕಾದಾಡಿ ಬಂದ ಯೋಧ, ಅಂತ ಬಿರುದು ಕೊಟ್ಟಿತು. ಸರಿಯೇ, ಹಸಿದವರಿಗೆ ಸಲ್ಲಬೇಕಾದ್ದೇ. ಆದರೆ ಗೆದ್ದವರು? ಮರಾಶಿಗೆ ‘ಕಹ್ರಮಾನ್’, ಅಂದರೆ ವೀರ, ಅಂತ ಸೇರಿಸಿದ್ದು 1973ರಲ್ಲಿ. ಉರ್ಫಾಕ್ಕೆ ‘ಶಾನ್ಲಿ’, ಕೀರ್ತಿವಂತ, ಸಿಕ್ಕಿದ್ದು 1984ರಲ್ಲಿ. ಬಂದೂಕು ಹಿಡಿದವರಲ್ಲಿ ಎಷ್ಟು ಜನ ಅಷ್ಟುಹೊತ್ತಿಗೆ ಉಳಿದಿದ್ದರೋ! ಸರ್ಕಾರಿ ಕೆಲಸ ಎಲ್ಲ ದೇಶದಲ್ಲೂ ಒಂದೇ, ಅಲ್ವಾ? ಇಷ್ಟೆಲ್ಲ ಆದ ಮೇಲೂ ಅಲ್ಲಿಯ ಜನ ಮಾತಿನಲ್ಲಿ ಹೇಳುವುದು ಅಂತೆಪ್, ಮರಾಶ್, ಉರ್ಫಾ ಅಂತಲೇ. ಬಸ್ ಹತ್ತುವವನಿಗೆ ಅಷ್ಟುದ್ದದ ಶೌರ್ಯ ಯಾಕೆ?

ಈ ಎರಡು ಭಾಷೆಗಳ ಧೈರ್ಯದಲ್ಲಿ ಏನು ವ್ಯತ್ಯಾಸ ಅಂತ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ನಮ್ಮ ‘ಬಹದ್ದೂರ್’ ನೆನಪಾಗಿ ದಾರಿ ತಪ್ಪಿತು. ಮಧ್ಯ ಏಷ್ಯಾದ ಬಯಲಿನಲ್ಲಿ ಕುದುರೆ ಏರಿದ್ದ ಪದ ಅದು. ಪರ್ಷಿಯನ್ ಭಾಷೆಯ ಕೈಹಿಡಿದು ನಮ್ಮಲ್ಲಿಗೆ ಬಂತು. ಟರ್ಕಿಯಲ್ಲಿ ಈಗಲೂ ಗಂಡುಮಕ್ಕಳಿಗೆ ಬಹಾದಿರ್ ಅಂತ ಹೆಸರಿಡುತ್ತಾರೆ. ಬ್ರಿಟಿಷರು ಅದನ್ನು ‘ರಾವ್ ಬಹದ್ದೂರ್’ ಮಾಡಿ ಅಧಿಕಾರಿಗಳಿಗೆ ಹಂಚಿದರು. ಪಡೆದವರಲ್ಲಿ ಕತ್ತಿ ಹಿಡಿದವರಿಗಿಂತ ಕಡತ ಹಿಡಿದವರೇ ಜಾಸ್ತಿ. ಕಡತ ಹಿಡಿಯುವುದಕ್ಕೂ ಗುಂಡಿಗೆ ಬೇಕು ಅನ್ನಿ. ಅದಕ್ಕಿಂತ ಜಾಸ್ತಿ ಬೇಕಾಗುವುದು, ಕೌಂಟರಿನ ಈಚೆ ನಿಂತು ಅದು ಎಲ್ಲಿದೆ ಅಂತ ಕೇಳುವುದಕ್ಕೆ.