ನಷ್ಟದಲ್ಲಿ ಪಾಲು ಇದ್ದ ಮೇಲೆ ಲಾಭದಲ್ಲೂ ಬೇಕಲ್ವಾ?

ಅಮೆರಿಕದ ಡೆಲ್ಟಾ ವಿಮಾನ ಕಂಪನಿಯ ಪೈಲಟ್‌ಗಳು ಮುಂದಿನ ವೇತನ ಒಪ್ಪಂದಕ್ಕೆ ಮೊದಲು ಕಂಪನಿಯ ಲಾಭದ ಲೆಕ್ಕ ಹಾಕುವುದನ್ನು ಕೆಲವರು ದುರಾಸೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 2004ರಲ್ಲಿ ಕಂಪನಿ ಮುಳುಗುವ ಹಾಗಿದ್ದಾಗ ಅಲ್ಲಿನ ಪೈಲಟ್‌ಗಳು ಸಂಬಳದಲ್ಲಿ 32.5% ಬಿಟ್ಟುಕೊಟ್ಟಿದ್ದರು. ಆದರೂ ಮರುವರ್ಷ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಅವರ ಪಿಂಚಣಿ ಯೋಜನೆಯೂ ಹೋಯಿತು. 2023ರ ಒಪ್ಪಂದದಲ್ಲಿ ನಾಲ್ಕು ವರ್ಷಕ್ಕೆ ಒಟ್ಟು 34% ಏರಿಕೆ ಸಿಕ್ಕಿದ್ದು ಸುಮ್ನೆ ಅಲ್ಲ.

ನಮ್ಮಪ್ಪ ಹುಬ್ಬಳ್ಳಿಯಲ್ಲಿ ಬಸ್ ಡ್ರೈವರ್ ಆಗಿದ್ದರು. ವೇತನ ಮಾತುಕತೆ ಹತ್ತಿರ ಬಂದರೆ ಗೋಕುಲ ರೋಡಿನ ನಮ್ಮ ಮನೆ ಕಟ್ಟೆ ಮೇಲೆ ಅವರ ಗೆಳೆಯರೆಲ್ಲ ಸೇರುತ್ತಿದ್ದರು. ಅಪ್ಪ ರಬ್ಬರ್ ಬ್ಯಾಂಡ್ ಬಿಚ್ಚಿ ಹಳೆಯ ಸಂಬಳ ಚೀಟಿಗಳನ್ನು ಚಾಪೆ ಮೇಲೆ ಸಾಲಾಗಿ ಇಡುತ್ತಿದ್ದರು. ಚಹಾ ಆರಿ ಹೋದರೂ ಲೆಕ್ಕ ಮುಗಿಯುತ್ತಿರಲಿಲ್ಲ. ಅದನ್ನು ಯಾರಾದರೂ ದುರಾಸೆ ಅಂದಿದ್ದರೆ ನನಗೆ ತುಂಬಾ ನೋವಾಗುತ್ತಿತ್ತು.